ಕರೆಂಟ್ ಹೋದ ಮೇಲಿನ ಹದಿನೈದು ಸೆಕೆಂಡು

(ಕೋಲಾರದಲ್ಲಿ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಊರಿನ ಆಸಕ್ತರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರೆಂಟ್ ಹೋದಾಗಲೂ ಡೇಟಾ ಸೆಂಟರುಗಳು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ವಿಷಯ.

ಕರೆಂಟ್ ತಪ್ಪಲೇಬಾರದು ಎಂಬ ಬೇಡಿಕೆ ನಮ್ಮ ನಾಡಿನಲ್ಲಿ ಮೊದಲು ಎದ್ದದ್ದು ಈ ಜಿಲ್ಲೆಯ ನೆಲದಡಿಯಿಂದ. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಇನ್ನೂ ಮೂರು ವರ್ಷ ಕಳೆದು, 1905ರಲ್ಲಿ. ಗಣಿಗೆ ಆ ತುರ್ತು ಯಾಕೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜ, ಮುತ್ತಜ್ಜ ಅಲ್ಲಿ ಇಳಿದವರು. ಗಣಿ ಆಳವಾದಷ್ಟೂ ಗಾಳಿ, ನೀರೆತ್ತುವ ಪಂಪು, ಮೇಲೆ ಕರೆತರುವ ತೊಟ್ಟಿಲು ಎಲ್ಲವೂ ವಿದ್ಯುತ್ತಿನ ಮೇಲೇ ನಿಂತವು.

ಆದರೆ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಿತ್ತು. ನದಿ ಸೊರಗಿದರೆ ಟರ್ಬೈನ್ ಸೊರಗುತ್ತದೆ, ಗಣಿಗೆ ಕೊಟ್ಟ ಮಾತು ತಪ್ಪುತ್ತದೆ. ನಮ್ಮ ಪಕ್ಕದ ಮುದ್ದೇನಹಳ್ಳಿಯಿಂದ ಹೋದ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದನ್ನು ನಾವು ಮಂಡ್ಯದ ಗದ್ದೆಗಳ ಕಟ್ಟೆ ಎಂದೇ ನೆನೆಯುತ್ತೇವೆ, ಸರಿ. ಆದರೆ ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ಸಮನಾಗಿ ನೀರು ಬಿಟ್ಟು ಕೋಲಾರದ ಗಣಿಗೆ ವಿದ್ಯುತ್ ತಪ್ಪದಂತೆ ನೋಡಿಕೊಳ್ಳುವುದು ಅದರ ದೊಡ್ಡ ಉದ್ದೇಶಗಳಲ್ಲಿ ಒಂದಾಗಿತ್ತು. ಅಂದರೆ ಈ ನಾಡಿನ ಮೊದಲ ದೊಡ್ಡ ಬ್ಯಾಕಪ್ ಕಾವೇರಿಗೆ ಅಡ್ಡ ಕಟ್ಟಿದ ಕಲ್ಲಿನ ಗೋಡೆ, ಅದರ ಹಿಂದೆ ನಿಂತ ನೀರು. ನಾನು ಇವತ್ತು ಹೇಳುವ ಯುಪಿಎಸ್ (ಕರೆಂಟ್ ಹೋದರೂ ತಡೆಯಿಲ್ಲದೆ ವಿದ್ಯುತ್ ಕೊಡುವ ಯಂತ್ರ), ಬ್ಯಾಟರಿ, ಡೀಸೆಲ್ ಟ್ಯಾಂಕ್ ಎಲ್ಲವೂ ಅದೇ ಕೆಲಸವನ್ನು ಸಣ್ಣ ಅಳತೆಯಲ್ಲಿ ಮಾಡುತ್ತವೆ.

ಡೇಟಾ ಸೆಂಟರ್ ಎಂದರೇನು ಎಂಬುದನ್ನು ಬೇಗ ಮುಗಿಸುತ್ತೇನೆ. ಸರ್ವರ್ ಎಂದು ಕರೆಯುವ ಸಾವಿರಾರು ಕಂಪ್ಯೂಟರುಗಳನ್ನು ಕಪಾಟುಗಳಲ್ಲಿ ಜೋಡಿಸಿ, ತಂಪು ಮಾಡಿ, ಹಗಲಿರುಳು ಓಡಿಸುವ ಕಟ್ಟಡ. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿ ಹೆಬ್ಬೆಟ್ಟು ಇಟ್ಟರೆ ಅದು ಹೋಗಿ ತಾಳೆಯಾಗುವುದು ಇಂಥ ಕಟ್ಟಡದಲ್ಲಿ. ಆಧಾರ್‌ನ ಡೇಟಾ ಸೆಂಟರುಗಳಿರುವುದು ಬೆಂಗಳೂರು ಮತ್ತು ಮಾನೇಸರ್‌ನಲ್ಲಿ. ಟೊಮೆಟೊ ಮಂಡಿಯಲ್ಲಿ ಫೋನಿನಿಂದ ದುಡ್ಡು ಹಾಕಿದಾಗ, ನಾಡಕಚೇರಿಯಲ್ಲಿ ಪಹಣಿ ತೆಗೆಸಿದಾಗ, ಎಲ್ಲೋ ಒಂದು ಕಡೆ ಇಂಥ ಕೋಣೆಯಲ್ಲಿ ಒಂದು ಯಂತ್ರ ಎಚ್ಚರವಾಗಿರಬೇಕು. ಅದು ನಿದ್ದೆ ಹೋದರೆ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ, ಅಜ್ಜಿ ಅಕ್ಕಿ ಇಲ್ಲದೆ ಮನೆಗೆ ಹೋಗುತ್ತಾಳೆ. ಈ ವಿಷಯ ನನಗೆ ಮುಖ್ಯ ಅನ್ನಿಸುವುದು ಅದಕ್ಕೇ.

ಇನ್ನು ಲೆಕ್ಕ. ಈ ಉದ್ಯಮದಲ್ಲಿ ಎಲ್ಲರೂ ಒಂಬತ್ತುಗಳ ಭಾಷೆ ಆಡುತ್ತಾರೆ. ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಎಂಟೂ ಮುಕ್ಕಾಲು ಗಂಟೆ ನಿಂತಿರಬಹುದು. 99.99 ಎಂದರೆ ಸುಮಾರು 52 ನಿಮಿಷ. 99.999 ಎಂದರೆ ಐದು ನಿಮಿಷದ ಆಸುಪಾಸು. ಕೇಳಲು ಚೆಂದ. ಆದರೆ ನನಗೆ ಈ ಲೆಕ್ಕದ ಮೇಲೆ ಅಷ್ಟು ಭರವಸೆ ಇಲ್ಲ. ಐದು ನಿಮಿಷ ಒಂದೇ ಸಲ ಹೋದರೂ, ಒಂದೊಂದೇ ಸೆಕೆಂಡಿನಂತೆ ಮುನ್ನೂರು ಸಲ ಹೋದರೂ ಕಾಗದದ ಮೇಲೆ ಅದೇ ಸಂಖ್ಯೆ. ಮನೆಯ ಫ್ಯಾನಿಗೆ ಒಂದು ಸೆಕೆಂಡ್ ಏನೂ ಅಲ್ಲ, ರೆಕ್ಕೆ ತಿರುಗುತ್ತಲೇ ಇರುತ್ತದೆ. ಸರ್ವರ್‌ಗೆ ಒಂದು ಸೆಕೆಂಡ್ ಎಂದರೆ ಪೂರ್ತಿ ಬಿದ್ದುಹೋದಂತೆ. ಮತ್ತೆ ಎದ್ದು, ಡಿಸ್ಕ್ ಪರೀಕ್ಷಿಸಿಕೊಂಡು, ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳಲು ಗಂಟೆಗಳೇ ಬೇಕಾಗಬಹುದು. ಒಂದು ಸೆಕೆಂಡಿನ ಕತ್ತಲೆಗೆ ಅರ್ಧ ದಿನದ ನಷ್ಟ.

ಸರ್ವರ್ ಎಷ್ಟು ಹೊತ್ತು ತಡೆಯುತ್ತದೆ? ಅದರ ಪವರ್ ಸಪ್ಲೈ ಒಳಗಿನ ಕೆಪಾಸಿಟರುಗಳಲ್ಲಿ ಇರುವ ಶಕ್ತಿ 10ರಿಂದ 20 ಮಿಲಿಸೆಕೆಂಡಿಗೆ ಸಾಕು. ನಮ್ಮ ವಿದ್ಯುತ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಅಲೆ, ಒಂದು ಅಲೆಗೆ 20 ಮಿಲಿಸೆಕೆಂಡ್. ಅಂದರೆ ಒಂದೇ ಒಂದು ಅಲೆ ತಪ್ಪಿದರೂ ಯಂತ್ರ ಅಪಾಯದಲ್ಲಿದೆ. ಅಶ್ವಿನಿ, ಭರಣಿ ಮಳೆಯ ಗಾಳಿಗೆ ಶ್ರೀನಿವಾಸಪುರದ ಮಾವಿನ ಕೊಂಬೆಯೊಂದು 11 ಕೆ.ವಿ. ತಂತಿಗೆ ತಗುಲಿ ಬಿದ್ದರೆ ಮನೆಯಲ್ಲಿ ಬಲ್ಬು ಒಮ್ಮೆ ಮಿಣುಕುತ್ತದೆ, ನಾವು ತಲೆ ಎತ್ತಿಯೂ ನೋಡುವುದಿಲ್ಲ. ಸರ್ವರ್‌ಗೆ ಅಷ್ಟೇ ಸಾಕು. ಡೇಟಾ ಸೆಂಟರನ್ನು ಕಾಡುವ ತೊಂದರೆಗಳಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವುದು ಅಪರೂಪ. ಇಂಥ ಮಿಣುಕೇ ಹೆಚ್ಚು.

ಅದಕ್ಕೇ ಯುಪಿಎಸ್. ದೊಡ್ಡ ಯುಪಿಎಸ್ ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಕೋಲಾರದವರಿಗೆ ಒಂದು ಅನುಕೂಲವಿದೆ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಒಂದು ಎಚ್‌ವಿಡಿಸಿ ಮಾರ್ಗ, ಅಂದರೆ ಅತಿ ಹೆಚ್ಚು ವೋಲ್ಟೇಜಿನಲ್ಲಿ ಡಿಸಿ ವಿದ್ಯುತ್ ಒಯ್ಯುವ ಮಾರ್ಗ ಇದೆ. 500 ಕೆ.ವಿ. ಡಿಸಿ, ಸುಮಾರು 1,400 ಕಿಲೋಮೀಟರ್. 2003ರಿಂದ ಓಡುತ್ತಿದೆ. ಮೊದಲು ಕಟ್ಟಿದ್ದು 2,000 ಮೆಗಾವ್ಯಾಟ್‌ಗೆ. ಅಲ್ಲಿ ಅಲೆಯಂತೆ ಏರಿಳಿಯುವ ಎಸಿ ವಿದ್ಯುತ್ತನ್ನು ಅಲೆಯಿಲ್ಲದ ಡಿಸಿ ಮಾಡಿ ಕಳಿಸುತ್ತಾರೆ. ಇಲ್ಲಿ ಕೋಲಾರದ ಕೇಂದ್ರದಲ್ಲಿ ಅದನ್ನು ಮತ್ತೆ ಎಸಿ ಮಾಡುತ್ತಾರೆ. ಹೀಗೆ ಮಾಡಿದ್ದರಿಂದ ಅಲ್ಲಿನ ಅಲೆಗೂ ಇಲ್ಲಿನ ಅಲೆಗೂ ನೇರ ಸಂಬಂಧ ಇರುವುದಿಲ್ಲ. ಶಕ್ತಿ ದಾಟುತ್ತದೆ, ಅಲೆಯ ಏರುಪೇರು ಹಾಗೇ ದಾಟಿ ಬರುವುದಿಲ್ಲ. ಡೇಟಾ ಸೆಂಟರಿನ ಆನ್‌ಲೈನ್ ಯುಪಿಎಸ್ ಕೂಡ ಇದನ್ನೇ ಒಂದು ಬೀರುವಿನೊಳಗೆ ಮಾಡುತ್ತದೆ. ರೆಕ್ಟಿಫೈಯರ್ ಎಸಿಯನ್ನು ಡಿಸಿ ಮಾಡುತ್ತದೆ, ಇನ್ವರ್ಟರ್ ಅದನ್ನು ಮತ್ತೆ ಶುದ್ಧ ಎಸಿ ಮಾಡಿ ಸರ್ವರ್‌ಗೆ ಕೊಡುತ್ತದೆ. ನಡುವಿನ ಡಿಸಿ ಭಾಗಕ್ಕೆ ಬ್ಯಾಟರಿ ಸದಾ ಸೇರಿಕೊಂಡೇ ಇರುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಹಾಗೆ: ನಲ್ಲಿಗೆ ನೀರು ಬರುವುದು ಯಾವಾಗಲೂ ಟ್ಯಾಂಕಿನಿಂದಲೇ, ಬೋರ್ ಮೋಟರು ನಿಂತದ್ದು ನಲ್ಲಿಗೆ ಗೊತ್ತೇ ಆಗುವುದಿಲ್ಲ.

ಆದರೆ ಬ್ಯಾಟರಿ ಎಷ್ಟು ಹೊತ್ತು? ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷ. ಇಷ್ಟೇನಾ ಎಂದು ಹೊಸಬರು ಕೇಳುತ್ತಾರೆ. ಬ್ಯಾಟರಿಗೆ ಗಂಟೆಗಟ್ಟಲೆ ಹೊರುವ ಕೆಲಸ ಯಾರೂ ಕೊಟ್ಟಿಲ್ಲ. ಜನರೇಟರ್ ಎದ್ದು ನಿಲ್ಲುವವರೆಗೆ ಹಿಡಿದುಕೊಂಡರೆ ಸಾಕು. ಆ ಹೊತ್ತೇ ನಾನು ಹೇಳಹೊರಟ ಹದಿನೈದು ಸೆಕೆಂಡು.

ಅದನ್ನು ಬಿಡಿಸಿ ಹೇಳುತ್ತೇನೆ, ವಿದ್ಯಾರ್ಥಿಗಳು ಗಮನ ಕೊಡಿ. ಕರೆಂಟ್ ಹೋಯಿತು. ಸರ್ವರ್‌ಗೆ ಏನೂ ಗೊತ್ತಾಗಿಲ್ಲ, ಬ್ಯಾಟರಿ ಹೊತ್ತುಕೊಂಡಿದೆ. ಮೊದಲ ಒಂದೆರಡು ಸೆಕೆಂಡ್ ನಿಯಂತ್ರಕ ಸುಮ್ಮನೆ ಕಾಯುತ್ತದೆ, ಇದು ಬರೀ ಮಿಣುಕೋ ನಿಜವಾಗಿಯೂ ಹೋಗಿದೆಯೋ ಎಂದು. ಹೋಗಿದೆ ಎಂದು ಖಾತ್ರಿಯಾದ ಮೇಲೆ ಎಲ್ಲ ಜನರೇಟರುಗಳಿಗೂ ಸ್ಟಾರ್ಟ್ ಆಜ್ಞೆ. ಸ್ಟಾರ್ಟರ್ ಮೋಟರು ಎಂಜಿನ್ ತಿರುಗಿಸುತ್ತದೆ, ಎಂಜಿನ್ ಹಿಡಿದುಕೊಂಡು ನಿಮಿಷಕ್ಕೆ 1,500 ಸುತ್ತಿಗೆ ಏರುತ್ತದೆ. ವೋಲ್ಟೇಜೂ ಫ್ರೀಕ್ವೆನ್ಸಿಯೂ (ಸೆಕೆಂಡಿಗೆ ಎಷ್ಟು ಅಲೆ ಎಂಬುದು) ನೆಲೆಗೊಳ್ಳಬೇಕು. ನಾಲ್ಕಾರು ಜನರೇಟರುಗಳಿದ್ದರೆ ಅವುಗಳ ಅಲೆ ಒಂದಕ್ಕೊಂದು ಕೂಡಬೇಕು. ಆಮೇಲೆ ಬ್ರೇಕರ್ ಎಂಬ ದೊಡ್ಡ ಸ್ವಿಚ್ ಆನ್ ಆಗಿ ಜನರೇಟರುಗಳನ್ನು ಕಟ್ಟಡಕ್ಕೆ ಸೇರಿಸುತ್ತದೆ. ಆಗಲೂ ಯುಪಿಎಸ್ ತನ್ನ ಭಾರವನ್ನು, ಅಂದರೆ ಸರ್ವರುಗಳು ಎಳೆಯುವ ವಿದ್ಯುತ್ತನ್ನು, ಒಮ್ಮೆಲೇ ಎಂಜಿನ್ ಮೇಲೆ ಹಾಕುವುದಿಲ್ಲ. ಸೆಕೆಂಡು ಸೆಕೆಂಡಾಗಿ ಜಾರಿಸುತ್ತದೆ. ಒಮ್ಮೆಲೇ ಹಾಕಿದರೆ ಎಂಜಿನ್ ಕುಗ್ಗುತ್ತದೆ, ಫ್ರೀಕ್ವೆನ್ಸಿ ಬೀಳುತ್ತದೆ, ಇದು ಕೆಟ್ಟ ಕರೆಂಟ್ ಎಂದು ಯುಪಿಎಸ್ ತಿರಸ್ಕರಿಸಿ ಬ್ಯಾಟರಿಗೇ ಮರಳುತ್ತದೆ. ಹೀಗೆ ಹಾವು ಏಣಿ ಆಡುತ್ತಾ ಬ್ಯಾಟರಿ ಖಾಲಿಯಾದ ಕಟ್ಟಡಗಳಿವೆ.

ಇದೇ ಹೊತ್ತಿನಲ್ಲಿ ತಂಪು ಮಾಡುವ ಚಿಲ್ಲರ್‌ಗಳು ನಿಂತಿರುತ್ತವೆ. ಅವುಗಳ ಭಾರ ದೊಡ್ಡದು, ಸಾಮಾನ್ಯವಾಗಿ ಯುಪಿಎಸ್ ಮೇಲೆ ಇಡುವುದಿಲ್ಲ. ಕರೆಂಟ್ ಬಂದ ಮೇಲೂ ಚಿಲ್ಲರ್ ಪೂರ್ತಿ ಏಳಲು ಕೆಲವು ನಿಮಿಷ ಬೇಕು. ಸರ್ವರುಗಳು ಬಿಸಿ ಉಗುಳುತ್ತಲೇ ಇರುತ್ತವೆ. ಒತ್ತಾಗಿ ತುಂಬಿದ ಕೋಣೆ ನಿಮಿಷಗಳಲ್ಲೇ ಕಾದುಬಿಡುತ್ತದೆ. ಹಾಗಾಗಿ ತಣ್ಣೀರಿನ ತೊಟ್ಟಿಯೊಂದನ್ನು ಕೂಡಿಟ್ಟು, ಪಂಪು ಮತ್ತು ಫ್ಯಾನುಗಳನ್ನು ಮಾತ್ರ ಯುಪಿಎಸ್ ಮೇಲೆ ಇಟ್ಟು ಆ ಅಂತರವನ್ನು ದಾಟುತ್ತಾರೆ. ವಿದ್ಯುತ್ ಉಳಿಸಿಕೊಂಡೂ ಬಿಸಿಗೆ ಸೋತ ಡೇಟಾ ಸೆಂಟರುಗಳಿವೆ ಎಂಬುದನ್ನು ಮರೆಯಬೇಡಿ.

ಡೀಸೆಲ್ ಜನರೇಟರ್ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಯಾಕೆಂದರೆ ಎಲ್ಲರೂ ಅತಿಯಾಗಿ ನಂಬುವುದು ಅದನ್ನೇ. ಎರಡು ಮೆಗಾವ್ಯಾಟಿನ ಯಂತ್ರ, ಕೋಟಿಗಳ ಬೆಲೆ, ಮಿರಿಮಿರಿ ಮಿಂಚುತ್ತಾ ನಿಂತಿರುತ್ತದೆ. ಅದು ಸ್ಟಾರ್ಟ್ ಆಗದಿರಲು ಅತಿ ಸಾಮಾನ್ಯ ಕಾರಣ ಯಾವುದು ಗೊತ್ತೇ? ಸ್ಟಾರ್ಟಿಂಗ್ ಬ್ಯಾಟರಿ. ಲಾರಿಯಲ್ಲಿರುವಂಥದ್ದೇ, ಕೆಲವು ಸಾವಿರ ರೂಪಾಯಿಯದು. ಅದರ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದರೆ ಕೋಟಿಯ ಯಂತ್ರ ಕಲ್ಲು. ಎರಡನೆಯದು ಡೀಸೆಲ್. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಡೀಸೆಲ್‌ಗೆ ತೇವ ಸೇರುತ್ತದೆ, ನೀರೂ ಎಣ್ಣೆಯೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಆ ಲೋಳೆ ಫಿಲ್ಟರನ್ನು ಕಟ್ಟುತ್ತದೆ. ಕಟ್ಟುವುದು ಮೊದಲ ಹತ್ತು ನಿಮಿಷದಲ್ಲಲ್ಲ, ಪೂರ್ಣ ಭಾರದಲ್ಲಿ ಗಂಟೆಗಟ್ಟಲೆ ಓಡುವಾಗ, ಅಂದರೆ ನಿಜವಾಗಿ ಬೇಕಾದಾಗ. ಮೂರನೆಯದು, ವಾರವಾರವೂ ಭಾರವಿಲ್ಲದೆ ಖಾಲಿ ಓಡಿಸುವ ಅಭ್ಯಾಸ. ಹಾಗೆ ಓಡಿಸಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಸುಡದ ಡೀಸೆಲ್ ಕಪ್ಪಾಗಿ ಹೊಗೆಕೊಳವೆಯಲ್ಲಿ ಜಿನುಗುತ್ತದೆ. ಪರೀಕ್ಷೆ ಮಾಡುತ್ತಿದ್ದೇವೆ ಎಂದುಕೊಂಡು ಯಂತ್ರವನ್ನು ಹಾಳು ಮಾಡುತ್ತಿರುತ್ತಾರೆ. ಅದಕ್ಕೆ ಲೋಡ್ ಬ್ಯಾಂಕ್ ಎಂಬ ಕೃತಕ ಭಾರ ಕಟ್ಟಿ ಓಡಿಸಬೇಕು.

ಎಷ್ಟು ಡೀಸೆಲ್ ಬೇಕು? ಒಂದು ಯೂನಿಟ್‌ಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಹತ್ತು ಮೆಗಾವ್ಯಾಟಿನ ಕಟ್ಟಡಕ್ಕೆ ಗಂಟೆಗೆ 2,600 ಲೀಟರ್ ಹಿಡಿಯಿರಿ. ಎರಡು ದಿನಕ್ಕೆ ಒಂದೂಕಾಲು ಲಕ್ಷ ಲೀಟರ್. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕರ್ ಏಳು ಸಲ ಬರಬೇಕು. ಪ್ರವಾಹ ಬಂದು ರಸ್ತೆಯೇ ಮುಚ್ಚಿದ ದಿನ ಆ ಟ್ಯಾಂಕರ್ ಎಲ್ಲಿಂದ ಬರುತ್ತದೆ? 2012ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಒಂದು ಕಟ್ಟಡದಲ್ಲಿ ಜನರೇಟರ್ ಹದಿನೇಳನೆಯ ಮಹಡಿಯ ಮಟ್ಟದಲ್ಲಿ ಸುರಕ್ಷಿತವಾಗಿತ್ತು. ಡೀಸೆಲ್ ಮೇಲೆತ್ತುವ ಪಂಪು ಮಾತ್ರ ನೆಲಮಾಳಿಗೆಯಲ್ಲಿತ್ತು, ಮುಳುಗಿತು. ಅಲ್ಲಿನ ಹುಡುಗರು ಬಕೆಟ್‌ಗಳಲ್ಲಿ ಡೀಸೆಲ್ ತುಂಬಿಕೊಂಡು ಮೆಟ್ಟಿಲು ಹತ್ತಿ ಯಂತ್ರವನ್ನು ಉಳಿಸಿಕೊಂಡರು. ಆ ಹುಡುಗರ ಮೇಲೆ ನನಗೆ ತುಂಬ ಗೌರವವಿದೆ. ಪಂಪನ್ನು ಅಲ್ಲಿ ಇಟ್ಟ ನಕ್ಷೆಯ ಬಗ್ಗೆ ಆ ಗೌರವ ಇಲ್ಲ.

ಇನ್ನು ಎರಡು ದಾರಿಯ ವಿಷಯ. ಒಳ್ಳೆಯ ಡೇಟಾ ಸೆಂಟರಿಗೆ ಎ ಮತ್ತು ಬಿ ಎಂದು ಎರಡು ಸ್ವತಂತ್ರ ದಾರಿ ಇರುತ್ತದೆ: ಎರಡು ಫೀಡರ್ (ಹೊರಗಿನಿಂದ ವಿದ್ಯುತ್ ತರುವ ಮಾರ್ಗ), ಎರಡು ಟ್ರಾನ್ಸ್‌ಫಾರ್ಮರ್, ಎರಡು ಯುಪಿಎಸ್ ಸಾಲು. ಪ್ರತಿ ಸರ್ವರ್‌ಗೂ ಎರಡು ವೈರು, ಒಂದು ಎಗೆ, ಒಂದು ಬಿಗೆ. ಕಾಗದದ ಮೇಲೆ ಇದಕ್ಕಿಂತ ಭದ್ರವಾದದ್ದಿಲ್ಲ. ಆದರೆ ಎರಡು ಫೀಡರ್ ಎಂದು ಬರೆದದ್ದರ ಹಿಂದೆ ನಡೆದುಕೊಂಡು ಹೋಗಿ ನೋಡಬೇಕು. ಎರಡೂ ಬೇರೆ ಬೇರೆ ಸಬ್‌ಸ್ಟೇಷನ್‌ನಿಂದ ಬಂದಿವೆಯೋ, ಅಥವಾ ಅವೆರಡಕ್ಕೂ ಮೇಲಿರುವ ಸ್ಟೇಷನ್ ಒಂದೇಯೋ? ಒಂದೇ ಟವರ್ ಮೇಲೆ ಬಂದಿವೆಯೋ? ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಒಂದು ಕಡೆ ಎ ಕೇಬಲ್ಲೂ ಬಿ ಕೇಬಲ್ಲೂ ಒಂದೇ ಕಾಲುವೆಯಲ್ಲಿ ಮಲಗಿದ್ದವು. ಒಳಚರಂಡಿಗೆ ಅಗೆಯುತ್ತಿದ್ದ ಜೆಸಿಬಿ ಒಂದೇ ಬಾಚಿಗೆ ಎರಡನ್ನೂ ಕಿತ್ತಿತು. ನಕ್ಷೆಯಲ್ಲಿ ಎರಡು ಗೆರೆ ಇದ್ದವು, ನೆಲದಲ್ಲಿ ಒಂದೇ ದಾರಿ.

ಎರಡು ದಾರಿ ಇದ್ದರೂ ಪ್ರತಿಯೊಂದೂ ಅರ್ಧಕ್ಕಿಂತ ಕಡಿಮೆ ಭಾರ ಹೊತ್ತಿರಬೇಕು. ಎ ಮೇಲೆ ಶೇ. 60, ಬಿ ಮೇಲೆ ಶೇ. 60 ಇದ್ದರೆ ದಿನವೂ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಎ ಬಿದ್ದ ಕ್ಷಣ ಬಿ ಮೇಲೆ ಶೇ. 120 ಬಂದು ಅದೂ ಬೀಳುತ್ತದೆ. ಇದೇ ತತ್ವ ದೇಶದ ಮಟ್ಟದಲ್ಲೂ. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆ.ವಿ. ಮಾರ್ಗ ಬಿತ್ತು. ಅದರ ಭಾರ ಉಳಿದ ಮಾರ್ಗಗಳ ಮೇಲೆ ಬಿದ್ದು ಒಂದಾದ ಮೇಲೊಂದು ಕಳಚಿ ಉತ್ತರ ಭಾರತ ಕತ್ತಲಾಯಿತು. ಮರುದಿನ ಪೂರ್ವ, ಈಶಾನ್ಯವೂ ಸೇರಿ ಅರವತ್ತು ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಕುಸಿಯಿತು. ದಕ್ಷಿಣದ ಗ್ರಿಡ್ ನಿಂತಿತು. ಆಗ ನಮ್ಮನ್ನು ಉಳಿದ ದೇಶಕ್ಕೆ ಕೂಡಿಸಿದ್ದ ದೊಡ್ಡ ಕೊಂಡಿಗಳು ಡಿಸಿ ಕೊಂಡಿಗಳು, ಅವುಗಳಲ್ಲಿ ಮುಖ್ಯವಾದದ್ದು ಇದೇ ತಾಲ್ಚೇರ್–ಕೋಲಾರ. ಅಲೆ ದಾಟಿ ಬರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣವೂ ಅದೇ ಅಲೆಗೆ ಸೇರಿತು. ಅದರಿಂದ ಲಾಭ ಬಹಳ. ಬರಗಾಲದಲ್ಲಿ ಹೊರಗಿನಿಂದ ವಿದ್ಯುತ್ ತರುವುದು ಸುಲಭವಾಯಿತು. ಆದರೆ ಈಗ ದೂರದ ಏಟಿಗೂ ನಾವು ಪಾಲುದಾರರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಯುಪಿಎಸ್ ಒಂದೇ ಓಡುವಾಗ ಚೆನ್ನಾಗಿ ಓಡುತ್ತದೆ. ಜನರೇಟರ್ ಒಂದೇ ಓಡುವಾಗಲೂ ಅಷ್ಟೇ. ಕೆಡುವುದೆಲ್ಲ ಒಂದರಿಂದ ಇನ್ನೊಂದಕ್ಕೆ ಹೊರಳುವ ಗಳಿಗೆಯಲ್ಲಿ. ಆ ಗಳಿಗೆ ಯಾವ ಯಂತ್ರಕ್ಕೂ ಸೇರಿದ್ದಲ್ಲ. ಯುಪಿಎಸ್ ಕಂಪನಿಯವರು ತಮ್ಮ ಯಂತ್ರ ಸರಿ ಎಂದು ಸಹಿ ಹಾಕುತ್ತಾರೆ, ಜನರೇಟರ್ ಕಂಪನಿಯವರು ತಮ್ಮದು ಸರಿ ಎನ್ನುತ್ತಾರೆ, ನಡುವಿನ ಹದಿನೈದು ಸೆಕೆಂಡಿಗೆ ಸಹಿ ಹಾಕುವವರು ಯಾರೂ ಇಲ್ಲ. ಅದನ್ನು ತಿಳಿಯಲು ಇರುವುದು ಒಂದೇ ದಾರಿ: ಕಟ್ಟಡದಲ್ಲಿ ಕೆಲಸ ನಡೆಯುತ್ತಿರುವಾಗಲೇ ಮುಖ್ಯ ಬ್ರೇಕರನ್ನು ನಾವೇ ಕೈಯಾರೆ ಕೆಳಗಿಳಿಸುವುದು.

ಈ ಮಾತು ಹೇಳಿದರೆ ಮ್ಯಾನೇಜರುಗಳ ಮುಖ ಬಾಡುತ್ತದೆ. ಸರಿಯಾಗಿರುವುದನ್ನು ಯಾಕೆ ಕೆಣಕಬೇಕು ಎನ್ನುತ್ತಾರೆ. ನಾನು ಬಲ್ಲ ಒಂದು ಕಟ್ಟಡದಲ್ಲಿ ಎರಡು ವರ್ಷ ಪ್ರತಿ ವಾರವೂ ಜನರೇಟರ್ ಪರೀಕ್ಷೆ ನಡೆದು ಪುಸ್ತಕದಲ್ಲಿ ಟಿಕ್ ಬೀಳುತ್ತಿತ್ತು. ಒಂದು ಭಾನುವಾರ ರಾತ್ರಿ ಹೊಸ ಸೂಪರ್‌ವೈಸರ್ ಒಬ್ಬರು ಹಠ ಹಿಡಿದು, ಎಲ್ಲರ ಒಪ್ಪಿಗೆ ಪಡೆದು, ನಿಜವಾದ ಬ್ರೇಕರ್ ಇಳಿಸಿದರು. ಜನರೇಟರುಗಳು ಎದ್ದವು, ಅಲೆ ಕೂಡಿತು, ಆದರೆ ಅವನ್ನು ಕಟ್ಟಡಕ್ಕೆ ಸೇರಿಸುವ ಬ್ರೇಕರ್ ಆನ್ ಆಗಲಿಲ್ಲ. ಪ್ಯಾನೆಲ್ ಒಳಗೆ ಒಂದು ಸಣ್ಣ ಸೆಲೆಕ್ಟರ್ ಸ್ವಿಚ್ ಮ್ಯಾನ್ಯುಯಲ್‌ನಲ್ಲಿ ಉಳಿದಿತ್ತು. ಪ್ರತಿ ವಾರ ಖಾಲಿ ಓಡಿಸಲು ಯಾರೋ ಹಾಗೆ ಇಟ್ಟದ್ದು ಹಾಗೇ ಇತ್ತು. ಪರೀಕ್ಷೆಯ ಅನುಕೂಲಕ್ಕೆ ಇಟ್ಟ ಸ್ವಿಚ್ಚೇ ನಿಜವಾದ ದಿನ ಕಟ್ಟಡವನ್ನು ಮುಳುಗಿಸುತ್ತಿತ್ತು. ಆ ರಾತ್ರಿ ಎಲ್ಲರೂ ಎಚ್ಚರವಾಗಿದ್ದರು, ಕೈಯಿಂದ ಬ್ರೇಕರ್ ಹಾಕಿದರು, ಎರಡು ನಿಮಿಷದಲ್ಲಿ ಸರಿಯಾಯಿತು. ಅದೇ ಬೆಳಗಿನ ಜಾವ ಮೂರು ಗಂಟೆಗೆ, ಒಬ್ಬನೇ ಹುಡುಗ ಪಾಳಿಯಲ್ಲಿದ್ದಾಗ ಆಗಿದ್ದರೆ?

ಬ್ಯಾಟರಿಯೂ ಹೀಗೆಯೇ. ಹನ್ನೆರಡು ವೋಲ್ಟಿನ ನಲವತ್ತು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 480 ವೋಲ್ಟ್. ಅದರಲ್ಲಿ ಒಂದರ ಒಳಗಿನ ಕೊಂಡಿ ಬಿಟ್ಟುಹೋದರೆ ಇಡೀ ಸಾಲು ಸತ್ತಂತೆ, ಉಳಿದ ಮೂವತ್ತೊಂಬತ್ತು ಚೆನ್ನಾಗಿದ್ದರೂ. ಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿಯೇ ತೋರಿಸಬಹುದು, ಭಾರ ಬಿದ್ದಾಗಲೇ ಬಣ್ಣ ಬಯಲಾಗುವುದು. ಶಾಖ ಇವಕ್ಕೆ ಶತ್ರು. ಸೀಸದ ಬ್ಯಾಟರಿಯನ್ನು 25 ಡಿಗ್ರಿಗಿಂತ ಹತ್ತು ಡಿಗ್ರಿ ಹೆಚ್ಚಿನ ಕೋಣೆಯಲ್ಲಿಟ್ಟರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏರ್ ಕಂಡಿಷನರ್ ಖರ್ಚು ಉಳಿತಾಯ ಎಂದು ಬ್ಯಾಟರಿ ಕೋಣೆಯನ್ನು ಬೇಯಿಸುವವರು ನಾಳೆಯ ದುಡ್ಡನ್ನು ಇವತ್ತು ಸುಡುತ್ತಿದ್ದಾರೆ.

ಈಗ ಲಿಥಿಯಂ ಬಂದಿದೆ. ಜಾಗ ಕಡಿಮೆ, ಆಯುಸ್ಸು ಹೆಚ್ಚು. ಆದರೆ ಹತ್ತಿಕೊಂಡರೆ ಆರಿಸುವುದು ಬಲು ಕಷ್ಟ. ದಕ್ಷಿಣ ಕೊರಿಯಾದ ಪಾಂಗ್ಯೊದಲ್ಲಿ 2022ರ ಅಕ್ಟೋಬರ್ 15ರಂದು ಬ್ಯಾಟರಿ ಕೋಣೆಯಿಂದ ಎದ್ದ ಬೆಂಕಿಗೆ ಆ ದೇಶದ ಜನ ದಿನವೂ ಬಳಸುವ ಕಾಕಾವೊ ಸೇವೆಗಳು ದಿನಗಟ್ಟಲೆ ತತ್ತರಿಸಿದವು. 2025ರ ಸೆಪ್ಟೆಂಬರ್ 26ರಂದು ಅದೇ ದೇಶದ ಡೇಜಿಯೊನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ನಡುವೆ ಬೆಂಕಿ ಬಿದ್ದು ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಒಂದು ದೊಡ್ಡ ಸಂಗ್ರಹ ಪೂರ್ತಿ ಸುಟ್ಟಿತು, ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ಬ್ಯಾಟರಿ ಮತ್ತು ಸರ್ವರ್ ಒಂದೇ ಕೋಣೆಯಲ್ಲಿ ಇರಬಾರದು, ಇಷ್ಟನ್ನು ಕಾನೂನಾಗಿಯೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕರೆಂಟ್ ಮರಳಿ ಬರುವ ಗಳಿಗೆಯೂ ಅಷ್ಟೇ ಸೂಕ್ಷ್ಮ. 2017ರ ಮೇ 27ರಂದು ಬ್ರಿಟಿಷ್ ಏರ್‌ವೇಸ್‌ನ ಡೇಟಾ ಸೆಂಟರಿನಲ್ಲಿ ವಿದ್ಯುತ್ ಕಡಿತವಾಗಿ, ಆಮೇಲೆ ಕ್ರಮ ತಪ್ಪಿ ಮರಳಿ ಬಂದದ್ದರಿಂದಲೇ ಯಂತ್ರಗಳಿಗೆ ಪೆಟ್ಟಾಯಿತು ಎಂದು ಅದರ ಮಾತೃ ಕಂಪನಿ ಹೇಳಿತು. ಸುಮಾರು 75,000 ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು.

ಕೊನೆಯದಾಗಿ, ಇಲ್ಲಿಯವರೆಗೆ ಡೇಟಾ ಸೆಂಟರನ್ನು ಗ್ರಿಡ್‌ನಿಂದ ಕಾಪಾಡುವ ಮಾತಾಯಿತು. ಈಗ ಗ್ರಿಡ್ಡನ್ನು ಡೇಟಾ ಸೆಂಟರ್‌ನಿಂದ ಕಾಪಾಡಬೇಕಾದ ಕಾಲ ಬಂದಿದೆ. ಅಮೆರಿಕದ ವರ್ಜೀನಿಯಾದ ಉತ್ತರ ಭಾಗದಲ್ಲಿ ಡೇಟಾ ಸೆಂಟರುಗಳು ಒತ್ತೊತ್ತಾಗಿವೆ. 2024ರ ಜುಲೈ 10ರಂದು ಅಲ್ಲಿ 230 ಕೆ.ವಿ. ಮಾರ್ಗವೊಂದರಲ್ಲಿ ದೋಷ ಬಂದು ವೋಲ್ಟೇಜ್ ಒಂದೆರಡು ನಿಮಿಷದೊಳಗೆ ಆರು ಸಲ ಕುಸಿದೆದ್ದಿತು. ಅಲ್ಲಿನ ಬಹಳಷ್ಟು ಯುಪಿಎಸ್‌ಗಳು ಇಂಥ ಕುಸಿತಗಳನ್ನು ಎಣಿಸುತ್ತವೆ. ಒಂದು ನಿಮಿಷದಲ್ಲಿ ಮೂರಾದರೆ ಈ ಕರೆಂಟ್ ಬೇಡ ಎಂದು ಬ್ಯಾಕಪ್‌ಗೆ ಹೋಗಿ ಕೂರುತ್ತವೆ, ಮನುಷ್ಯ ಬಂದು ಹಿಂದಕ್ಕೆ ತರುವವರೆಗೆ. ಅಂದು ಸುಮಾರು 1,500 ಮೆಗಾವ್ಯಾಟ್ ಬೇಡಿಕೆ ಕ್ಷಣಗಳಲ್ಲಿ ಮಾಯವಾಯಿತು. ಪಾವಗಡದ ಇಡೀ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದರ ಮುಕ್ಕಾಲು ಪಾಲು ಕೊಳ್ಳುವವರು ಒಮ್ಮೆಲೇ ಎದ್ದು ಹೋದರೆ ಹೇಗೆ, ಹಾಗೆ. ವೋಲ್ಟೇಜ್ ಏರಿತು, ಗ್ರಿಡ್ ನಡೆಸುವವರು ಅದನ್ನು ಇಳಿಸಲು ಕ್ರಮ ಕೈಗೊಳ್ಳಬೇಕಾಯಿತು. ಪ್ರತಿ ಕಟ್ಟಡವೂ ತನ್ನ ಮಟ್ಟಿಗೆ ಸರಿಯಾದದ್ದನ್ನೇ ಮಾಡಿತ್ತು. ಎಲ್ಲ ಸೇರಿ ಊರಿಗೆ ಅಪಾಯ ತಂದವು. ಬೆಂಗಳೂರಿನ ಸುತ್ತ ಇಂಥ ಕಟ್ಟಡಗಳು ಹೆಚ್ಚುತ್ತಿರುವಾಗ, ಯುಪಿಎಸ್‌ನ ಈ ಎಣಿಕೆಯ ಸೆಟ್ಟಿಂಗ್ ಎಷ್ಟಿರಬೇಕು ಎಂಬುದನ್ನು ಗ್ರಿಡ್‌ನವರೂ ಕಂಪನಿಯವರೂ ಸಂಪರ್ಕ ಕೊಡುವ ಮೊದಲೇ ಕೂತು ತೀರ್ಮಾನಿಸಬೇಕು.

ಇಲ್ಲಿಗೆ ಉಪನ್ಯಾಸ ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಮಾಲೂರು ಕಡೆಯ ಹಿರಿಯ ರೈತರೊಬ್ಬರು ಎದ್ದು, “ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದು ಏಳು ಗಂಟೆ. ಇವರಿಗೆ ಇಪ್ಪತ್ನಾಲ್ಕು ಗಂಟೆ. ಇದು ಯಾವ ನ್ಯಾಯ ಸ್ವಾಮಿ?” ಎಂದರು.

“ನ್ಯಾಯವಾದ ಪ್ರಶ್ನೆ ಯಜಮಾನ್ರೇ. ಅವರು ಕೊಡುವ ದರ ಹೆಚ್ಚು, ಅದರಿಂದ ನಿಮ್ಮ ಉಚಿತ ವಿದ್ಯುತ್ತಿನ ಹೊರೆ ಸ್ವಲ್ಪ ಇಳಿಯುತ್ತದೆ, ಇದು ನಿಜ. ಆದರೆ ವಿದ್ಯುತ್ತೇ ಕಡಿಮೆ ಇರುವ ವರ್ಷ ದುಡ್ಡು ಕೊಟ್ಟರೆ ನೀರು ಮೇಲೆ ಬರುವುದಿಲ್ಲ. ದೊಡ್ಡ ಡೇಟಾ ಸೆಂಟರಿಗೆ ಅನುಮತಿ ಕೊಡುವಾಗಲೇ, ಸಂಜೆಯ ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ತನ್ನದೇ ಶೇಖರಣೆಯಿಂದ ಓಡಬೇಕು, ಅದೂ ಡೀಸೆಲ್ ಹೊಗೆಯಿಂದಲ್ಲ, ಬ್ಯಾಟರಿಯಿಂದ ಎಂಬ ಷರತ್ತು ಹಾಕಬೇಕು. ಇನ್ನೊಂದು ನೀರು. ಕೂಲಿಂಗ್ ಟವರ್ ಇಟ್ಟು ತಂಪು ಮಾಡಿದರೆ ಯೂನಿಟ್‌ಗೆ ಒಂದೂವರೆಯಿಂದ ಎರಡು ಲೀಟರ್ ನೀರು ಆವಿಯಾಗುತ್ತದೆ. ಹತ್ತು ಮೆಗಾವ್ಯಾಟ್ ಎಂದರೆ ದಿನಕ್ಕೆ ನಾಲ್ಕು ಲಕ್ಷ ಲೀಟರಿನ ಹತ್ತಿರ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ಕೆರೆ ತುಂಬಿಸಿಕೊಳ್ಳುವ ಈ ಜಿಲ್ಲೆಯಲ್ಲಿ ಅದಕ್ಕೆ ಜಾಗ ಇಲ್ಲ. ಗಾಳಿಯಿಂದ ತಂಪು ಮಾಡುವ ಚಿಲ್ಲರ್ ಇಡಲಿ. ಅದಕ್ಕೆ ವಿದ್ಯುತ್ ಸ್ವಲ್ಪ ಹೆಚ್ಚು ಬೇಕು. ಇಲ್ಲಿ ಆ ಲೆಕ್ಕವನ್ನು ನೀರಿನ ಪರವಾಗಿಯೇ ಮಾಡಬೇಕು.”

ಐಟಿಐ ಹುಡುಗನೊಬ್ಬ ತನಗೆ ಅಲ್ಲಿ ಕೆಲಸ ಸಿಗುತ್ತದೆಯೇ ಎಂದು ಕೇಳಿದ. ಸಿಗುತ್ತದೆ. ಆ ಕಟ್ಟಡಗಳನ್ನು ಹಗಲಿರುಳು ನಡೆಸುವವರಲ್ಲಿ ಬಹುಪಾಲು ಎಲೆಕ್ಟ್ರಿಷಿಯನ್‌ಗಳು, ಡೀಸೆಲ್ ಮೆಕ್ಯಾನಿಕ್‌ಗಳು, ಎ.ಸಿ. ಮೆಕ್ಯಾನಿಕ್‌ಗಳು. ವೈರ್‌ಮ್ಯಾನ್ ಪರ್ಮಿಟ್ ಮಾಡಿಸಿಕೊ, ಅನುಭವ ಬಂದಂತೆ ಸೂಪರ್‌ವೈಸರ್ ಪರ್ಮಿಟ್ ತೆಗೆದುಕೊ. ಎಲ್ಲಕ್ಕಿಂತ ಮೊದಲು ಸಿಂಗಲ್ ಲೈನ್ ಡಯಾಗ್ರಾಂ ಓದಲು ಕಲಿ. ಯಾವ ಬ್ರೇಕರ್ ತೆಗೆದರೆ ಯಾವುದು ಸಾಯುತ್ತದೆ ಎಂದು ನಕ್ಷೆ ನೋಡಿ ಹೇಳಬಲ್ಲವನನ್ನು ಸಂದರ್ಶನದಲ್ಲಿ ಯಾರೂ ವಾಪಸ್ ಕಳಿಸುವುದಿಲ್ಲ.

ಗ್ರಾಮ ಒನ್ ಕೇಂದ್ರ ನಡೆಸುವ ಹೆಣ್ಣುಮಗಳೊಬ್ಬರು ಕೇಳಿದ್ದು ಕೊನೆಯ ಪ್ರಶ್ನೆ: “ಸಾರ್, ನನ್ನ ಹತ್ತಿರ ಮನೆಗೆ ಹಾಕೋ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತೆ, ಅರ್ಜಿ ಮತ್ತೆ ಮೊದಲಿಂದ ಹಾಕಬೇಕು. ಏನು ಮಾಡಲಿ?”

“ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್, ಇಕೋ ಎಂದು ಬರೆದ ಸಣ್ಣ ಸ್ವಿಚ್ ಇರಬಹುದಮ್ಮ, ನೋಡಿ. ಇಕೋದಲ್ಲಿದ್ದರೆ ಹೊರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕಂಪ್ಯೂಟರ್ ಕಾಯುವುದಿಲ್ಲ. ಅದನ್ನು ಯುಪಿಎಸ್ ಕಡೆಗೆ ಹಾಕಿ. ಅಷ್ಟಕ್ಕೂ ಆಫ್ ಆದರೆ ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಸಾಕು. ಲೇಸರ್ ಪ್ರಿಂಟರನ್ನು ಅದಕ್ಕೆ ಚುಚ್ಚಬೇಡಿ, ಬಿಸಿಯಾಗುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. ನೆಟ್ ಬರುವ ಡಬ್ಬಿಯನ್ನು ಮರೆಯದೆ ಚುಚ್ಚಿ. ಕಂಪ್ಯೂಟರ್ ಓಡುತ್ತಿರುತ್ತದೆ, ನೆಟ್ ಮಾತ್ರ ಸತ್ತಿರುತ್ತದೆ, ಎಷ್ಟೋ ಕಡೆ ಆಗುವುದು ಹಾಗೆಯೇ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಿರಿ. ತಿಂಗಳಿಗೊಮ್ಮೆ ಜನ ಇಲ್ಲದ ಹೊತ್ತಲ್ಲಿ ನೀವೇ ಮೇನ್ ಆಫ್ ಮಾಡಿ, ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ, ತಾರೀಖು ಹಾಕಿ ಬ್ಯಾಟರಿಯ ಮೇಲೇ ಬರೆದಿಡಿ. ಮೊದಲು ನಲವತ್ತು ನಿಮಿಷ ನಿಲ್ಲುತ್ತಿದ್ದದ್ದು ಇಪ್ಪತ್ತಕ್ಕೆ ಇಳಿದಿದ್ದರೆ ಹೊಸದಕ್ಕೆ ದುಡ್ಡು ಹೊಂದಿಸಲು ಶುರು ಮಾಡಿ.”